ಬೇರು ಉಸಿರಾಡುವ ಕುಂಡ

ಹಿತ್ತಲು, ಕೈತೋಟದ ಹುಚ್ಚಿರುವ ಐವತ್ತು ಅರವತ್ತು ಜನ ಶಿರಸಿಯಲ್ಲಿ ಸೇರಿದ್ದ ಒಂದು ಮಧ್ಯಾಹ್ನ ನಾನು ಆಡಿದ ಮಾತುಗಳಿವು. ಹೊರಗೆ ಆಶ್ಲೇಷಾ ಮಳೆ ಹೊಡೆಯುತ್ತಿತ್ತು, ಕರೆಂಟು ಎರಡು ಸಲ ಹೋಗಿ ಬಂತು. ಚೀಟಿ ಹಿಡಿದು ಭಾಷಣ ಮಾಡಿ ನನಗೆ ಗೊತ್ತಿಲ್ಲ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿದವಳಿಗೆ ಮೇಜಿನ ಮೇಲೆ ಎತ್ತಿ ತೋರಿಸಲು ಏನಾದರೂ ಇದ್ದರೆ ಮಾತು ತಾನಾಗಿ ಬರುತ್ತದೆ. ಆ ದಿನ ಮೇಜಿನ ಮೇಲೆ ಇದ್ದದ್ದು ಒಂದು ಆರ್ಕಿಡ್, ಬಾಟಲಿಯಲ್ಲಿ ಬೆಳೆದ ಮನಿ ಪ್ಲಾಂಟ್, ಒಂದು ಸೇರು ಮಣ್ಣಿನ ಗೋಲಿ, ಒಡೆದ ಮಂಗಳೂರು ಹಂಚು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ, ನಡುವೆ ಬಂದ ಕೆಲವು ಪ್ರಶ್ನೆಗಳನ್ನು ಕೊನೆಗೆ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ಮೊದಲು ಒಂದು ಸಾವಿನ ಕಥೆ.

ಆಗ ನಾನು ಕಾರವಾರದಲ್ಲಿದ್ದೆ, ಕೋಡಿಬಾಗದಲ್ಲಿ ಬಾಡಿಗೆ ಮನೆ. ಮಡಗಾಂವಿಗೆ ಹೋದಾಗ ನರ್ಸರಿಯಲ್ಲಿ ಬಿಳಿ ಹೂವಿನ ಫೆಲನಾಪ್ಸಿಸ್ ಆರ್ಕಿಡ್ ಕಂಡೆ. ಪತಂಗ ಕೂತ ಹಾಗೆ ಸಾಲಾಗಿ ಹೂ. ಗ್ರೀಕಿನಲ್ಲಿ ಆ ಹೆಸರಿನ ಅರ್ಥವೂ ಪತಂಗದಂಥದ್ದು ಎಂದೇ. ತಂದೆ, ಚೆಂದದ ಪಿಂಗಾಣಿ ಕುಂಡದಲ್ಲಿ ಇಟ್ಟೆ, ತುಳಸಿಗೆ ಹಾಕಿದ ಹಾಗೆ ದಿನಾ ಬೆಳಿಗ್ಗೆ ಒಂದು ತಂಬಿಗೆ ನೀರು ಹಾಕಿದೆ. ಜೂನ್ ಬಂತು, ಕರಾವಳಿಯ ಮಳೆ ನಿಮಗೆ ಗೊತ್ತಲ್ಲ. ಎಲೆ ಬಾಡಿತು. ಬಾಡಿದೆ ಎಂದರೆ ನೀರು ಸಾಲದು ಎಂದು ಇನ್ನೊಂದು ತಂಬಿಗೆ ಹಾಕಿದೆ. ಜುಲೈನಲ್ಲಿ ಎತ್ತಿ ನೋಡಿದರೆ ಬೇರು ಕಂದಾಗಿ, ಬೆರಳಲ್ಲಿ ಹಿಡಿದು ಎಳೆದರೆ ಮೇಲಿನ ಸಿಪ್ಪೆ ಜಾರಿ ಬಂದು ಒಳಗಿನ ನೂಲು ಮಾತ್ರ ಉಳಿಯಿತು. ಗಿಡ ಬಾಡಿದ್ದು ನೀರಿಲ್ಲದೆ ಅಲ್ಲ. ನೀರು ಹೀರುವ ಬೇರೇ ಕೊಳೆತುಹೋಗಿತ್ತು.

ಎಷ್ಟು ಜನರಿಗೆ ಹೀಗಾಗಿದೆ, ಕೈ ಎತ್ತಿ. ಸರಿ, ಅರ್ಧಕ್ಕಿಂತ ಹೆಚ್ಚು. ಕೈ ಎತ್ತದವರು ಆರ್ಕಿಡ್ ಸಾಕಿಲ್ಲದವರು ಎಂದು ತಿಳಿದುಕೊಳ್ಳುತ್ತೇನೆ.

ಹಾಗಾದರೆ ದಿನಾ ಒಂದು ತಂಬಿಗೆ ನೀರಿಗೇ ಸತ್ತ ಗಿಡವನ್ನು ಇಡೀ ಹೊತ್ತು ನೀರಿರುವ ಡಬ್ಬಿಯಲ್ಲಿ ಬೆಳೆಸಿ ಎಂದು ಹೇಳಲು ಇವತ್ತು ನಾನು ಬಂದಿದ್ದು ಹೇಗೆ? ನನ್ನ ಆಯಿ ಮೊದಲ ಸಲ ಇದನ್ನು ನೋಡಿದಾಗ ಕೇಳಿದ್ದೂ ಅದೇ ಅರ್ಥದ ಮಾತು: "ಎಂತದೇ ಇದು, ಗಿಡಕ್ಕೆ ಗ್ಲೂಕೋಸ್ ಏರ್ಸಿದ್ಯನೇ?"

ಉತ್ತರ ನಮ್ಮ ಊರಲ್ಲೇ ಇದೆ. ಭತ್ತದ ಗದ್ದೆ ನೋಡಿ. ತಿಂಗಳುಗಟ್ಟಲೆ ನಿಂತ ನೀರು, ಭತ್ತಕ್ಕೆ ಏನೂ ಆಗುವುದಿಲ್ಲ. ಯಾಕೆಂದರೆ ಭತ್ತದ ಬೇರಿನೊಳಗೆ ಗಾಳಿಯ ಓಣಿಗಳಿವೆ, ಎಲೆಯಿಂದ ಇಳಿದ ಗಾಳಿ ಅವುಗಳ ಮೂಲಕ ಕೆಸರಿನೊಳಗಿನ ಬೇರಿನ ತುದಿವರೆಗೆ ಹೋಗುತ್ತದೆ. ಕಾರವಾರಕ್ಕೆ ಹೋದರೆ ಕಾಳಿ ನದಿಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನೊಳಗೆ ಹಲಗೆಯ ಹಾದಿ ಇದೆ, ನಡೆದು ನೋಡಿ. ಇಳಿತದ ಹೊತ್ತಿಗೆ ಕೆಸರಿನಿಂದ ಪೆನ್ಸಿಲ್ ನೆಟ್ಟ ಹಾಗೆ ಬೇರುಗಳು ಮೇಲಕ್ಕೆ ಎದ್ದಿರುತ್ತವೆ. ಬೇರು ಭೂಮಿಗೆ ಇಳಿಯಬೇಕು ಎಂದು ನಾವು ಪಾಠ ಮಾಡುತ್ತೇವೆ, ಅವು ಆಕಾಶಕ್ಕೆ ಏರಿವೆ. ಉಸಿರಾಡಲಿಕ್ಕೆ. ನೀರಲ್ಲಿ ಬದುಕುವ ಗಿಡಗಳೆಲ್ಲ ಮೊದಲು ಗಾಳಿಗೆ ದಾರಿ ಮಾಡಿಕೊಂಡೇ ನೀರಿಗೆ ಇಳಿದಿವೆ.

ಒಂದೆರಡು ಲೆಕ್ಕ ಹೇಳುತ್ತೇನೆ, ಮಾಸ್ತರಿಕೆ ಬಿಡುವುದಿಲ್ಲ. ಒಂದು ಲೀಟರ್ ಗಾಳಿಯಲ್ಲಿ ಸುಮಾರು 270 ಮಿಲಿಗ್ರಾಂ ಆಮ್ಲಜನಕ ಇರುತ್ತದೆ. ಒಂದು ಲೀಟರ್ ನೀರಿನಲ್ಲಿ, ಅದೂ ಚೆನ್ನಾಗಿ ಗಾಳಿ ಬೆರೆತ 20 ಡಿಗ್ರಿಯ ತಣ್ಣೀರಿನಲ್ಲಿ, ಸುಮಾರು 9 ಮಿಲಿಗ್ರಾಂ. ನೀರು 30 ಡಿಗ್ರಿಗೆ ಬಿಸಿಯಾದರೆ ಏಳೂವರೆಗೆ ಇಳಿಯುತ್ತದೆ. ಸಾಲದ್ದಕ್ಕೆ ಆಮ್ಲಜನಕ ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಹತ್ತು ಸಾವಿರ ಪಟ್ಟು ನಿಧಾನ. ಬೇರಿನ ಪಕ್ಕದ ನೀರಲ್ಲಿ ಇದ್ದದ್ದು ಖರ್ಚಾದರೆ ಆಚೆಯಿಂದ ಬಂದು ಸೇರುವ ಹೊತ್ತಿಗೆ ಬೇರು ಉಸಿರುಗಟ್ಟಿರುತ್ತದೆ. ಕೊಳೆ ಆಮೇಲೆ ಬರುತ್ತದೆ, ಸತ್ತದ್ದನ್ನು ತಿನ್ನಲು. ಒಂದೇ ಗಿಡ ಘಟ್ಟದ ಮೇಲಿನ ಶಿರಸಿಯಲ್ಲಿ ಬದುಕಿ ಕರಾವಳಿಯ ಅಂಕೋಲೆಯಲ್ಲಿ ಸಾಯುವುದು ಯಾಕೆ ಎಂದು ಕೇಳುವವರು ಈ ಲೆಕ್ಕ ನೆನಪಿಡಿ. ಅಲ್ಲಿ ನೀರು ಬಿಸಿ, ಅದರಲ್ಲಿ ಉಸಿರು ಕಡಿಮೆ.

ಇನ್ನು ಆರ್ಕಿಡ್. ನಮ್ಮಲ್ಲಿ ಮರದ ಮೇಲೆ ಬೆಳೆದದ್ದನ್ನೆಲ್ಲ ಬಂದಳಿಕೆ ಎನ್ನುವ ರೂಢಿ ಇದೆ. ಬಂದಳಿಕೆ ಮರದೊಳಗೆ ಬೇರಿಳಿಸಿ ಅದರ ರಸ ಕುಡಿಯುತ್ತದೆ. ಆರ್ಕಿಡ್ ಹಾಗಲ್ಲ, ಅದು ಬರೀ ಅಪ್ಪಿಕೊಂಡಿರುತ್ತದೆ. ಮರಕೆಸು ಗೊತ್ತಲ್ಲ? ಮಳೆ ಬಿದ್ದ ಕೂಡಲೇ ಮರದ ಕವಲಲ್ಲಿ ಚಿಗುರಿ, ನಾವು ಏಣಿ ಹಾಕಿ ಕೊಯ್ದು ಪತ್ರೊಡೆ ಮಾಡುತ್ತೇವಲ್ಲ, ಅದೂ ಹೀಗೇ ಕೂತಿರುವುದು. ಮರಕೆಸುವಿಂದ ಮಾವಿನ ಮರ ಸತ್ತಿತು ಎಂದು ಯಾರೂ ಹೇಳಿದ್ದಿಲ್ಲ. ಹೊಟ್ಟೆಗೆ ಬರುವ ಗಿಡದ ಮೇಲೆ ನಾವು ಅಪವಾದ ಹೊರಿಸುವುದು ಕಡಿಮೆ.

ಹೀಗೆ ತೊಗಟೆ ಅಪ್ಪಿ ಬೆಳೆಯುವ ಆರ್ಕಿಡ್ ಬೇರಿನ ಮೇಲೆ ಸ್ಪಂಜಿನಂಥ ಒಂದು ಕವಚ ಇದೆ, ವೆಲಮೆನ್ ಎನ್ನುತ್ತಾರೆ. ಸತ್ತ ಜೀವಕೋಶಗಳ ಪದರ ಅದು. ಒಣಗಿದಾಗ ಅದರೊಳಗೆ ಗಾಳಿ ತುಂಬಿ ಬೇರು ಬೆಳ್ಳಿಯ ಬಣ್ಣ. ಒಂದು ಹನಿ ನೀರು ಬಿಡುತ್ತೇನೆ, ನೋಡಿ... ಹಸಿರಾಯಿತು. ಒಳಗಿನ ಹಸಿರು ಹೊರಗೆ ಕಂಡದ್ದು ಅಷ್ಟೇ. ಮಳೆ ಬಂದಾಗ ಗಬಕ್ಕನೆ ಕುಡಿ, ಆಮೇಲೆ ಗಾಳಿಗೆ ಒಣಗು, ಇದು ಅದರ ದಿನಚರಿ. ಆ ಸ್ಪಂಜು ಸದಾ ನೀರು ತುಂಬಿಕೊಂಡೇ ಇದ್ದರೆ ಒಳಗಿನ ಜೀವಕ್ಕೆ ಗಾಳಿ ಎಲ್ಲಿಂದ? ನನ್ನ ಪಿಂಗಾಣಿ ಕುಂಡದಲ್ಲಿ ಆದದ್ದು ಅದು. ಕೊಂದದ್ದು ತಂಬಿಗೆಯ ನೀರು ಅನ್ನುವುದಕ್ಕಿಂತ, ಕುಂಡದಲ್ಲಿ ಬೇರಿನ ಸುತ್ತ ತುಂಬಿದ್ದ ಪಾಚಿ (ಮಾಸ್) ನೀರು ಕುಡಿದು ಮುದ್ದೆಯಾಗಿ ಅದರ ನಡುವೆ ಗಾಳಿಗೆ ಜಾಗ ಉಳಿಯದ್ದು.

ಈಗ ಈ ಡಬ್ಬಿಗೆ ಬರೋಣ. ಇದನ್ನು ಸೆಮಿ ಹೈಡ್ರೋ ಎನ್ನುತ್ತಾರೆ. ಕನ್ನಡದಲ್ಲಿ ಅರೆ ಜಲಕೃಷಿ ಎನ್ನಬಹುದು, ಆದರೆ ಕುಮಟೆಯಲ್ಲಿ ಹಾಗೆ ಹೇಳಿದರೆ ಸಿಗಡಿ ಹೊಂಡದ ಮಾತು ಎಂದುಕೊಂಡಾರು. ಹಾಗಾಗಿ ನಾನೂ ಸೆಮಿ ಹೈಡ್ರೋ ಎಂದೇ ಹೇಳುತ್ತೇನೆ.

ಇದರಲ್ಲಿ ಗುಟ್ಟು ಏನೂ ಇಲ್ಲ. ಉಪ್ಪಿನಕಾಯಿ ಬಂದ ಪ್ಲಾಸ್ಟಿಕ್ ಡಬ್ಬಿ ಇದು. ತಳದಲ್ಲಿ ತೂತಿಲ್ಲ. ತಳದಿಂದ ಒಂದು ಇಂಚು ಮೇಲೆ, ಬದಿಯಲ್ಲಿ, ಕಾಸಿದ ಮೊಳೆಯಿಂದ ಎರಡು ತೂತು. ಎರಡು ಯಾಕೆಂದರೆ ಒಂದು ಬೇರಿನಿಂದ ಕಟ್ಟಿಕೊಂಡರೆ ಇನ್ನೊಂದು ಇರಲಿ ಎಂದು. ಒಳಗೆ ತುಂಬಿದ್ದು ಲೆಕಾ, ಅಂದರೆ ಸುಟ್ಟು ಉಬ್ಬಿಸಿದ ಮಣ್ಣಿನ ಗೋಲಿ. ಜೇಡಿಮಣ್ಣನ್ನು ತಿರುಗುವ ಕುಲುಮೆಯಲ್ಲಿ ಸುಮಾರು 1200 ಡಿಗ್ರಿಗೆ ಕಾಸಿದಾಗ ಒಳಗೆ ಅನಿಲ ಹುಟ್ಟಿ ಅರಳಿನ ಹಾಗೆ ಉಬ್ಬುತ್ತದೆ. ಒಡೆದು ನೋಡಿದರೆ ಒಳಗೆ ಜೇನುಗೂಡು. ಮೇಲಿಂದ ನೀರು ಸುರಿದರೆ ಹೆಚ್ಚಾದದ್ದು ತೂತಿನಿಂದ ಹೊರಗೆ ಬೀಳುತ್ತದೆ, ತಳದಲ್ಲಿ ಒಂದು ಇಂಚು ಮಾತ್ರ ನಿಲ್ಲುತ್ತದೆ. ಆ ಒಂದು ಇಂಚನ್ನು ಗೋಲಿಗಳು ಒಂದರಿಂದ ಒಂದಕ್ಕೆ ಮೇಲೆ ಎಳೆದುಕೊಳ್ಳುತ್ತವೆ, ದೀಪದ ಬತ್ತಿ ಎಣ್ಣೆ ಎಳೆದ ಹಾಗೆ. ಗೋಲಿ ದುಂಡಗಿರುವುದರಿಂದ ಎಷ್ಟು ತುಂಬಿದರೂ ನಡುವೆ ಸಂದು ಉಳಿದೇ ಉಳಿಯುತ್ತದೆ. ಗೋಲಿಯ ಮೈಯಲ್ಲಿ ನೀರು, ಸಂದಿನಲ್ಲಿ ಗಾಳಿ. ಬೇರು ಎರಡನ್ನೂ ಒಟ್ಟಿಗೆ ಮುಟ್ಟುತ್ತದೆ. ಕರಿಹಲಗೆಯ ತುಂಬ ಬರೆಯುವಷ್ಟು ದೊಡ್ಡ ವಿಷಯ ಇವತ್ತು ನನ್ನ ಬಳಿ ಇರುವುದು ಇದೊಂದೇ.

ಡಬ್ಬಿ ತುಂಬಾ ಎತ್ತರ ಬೇಡ. ಆರೇಳು ಇಂಚು ದಾಟಿದರೆ ಮೇಲಿನ ಗೋಲಿಗಳಿಗೆ ನೀರು ಏರುವುದಿಲ್ಲ. ಪಾರದರ್ಶಕ ಡಬ್ಬಿಯಾದರೆ ಬೇರು ಕಾಣುತ್ತದೆ, ಹೊಸಬರಿಗೆ ಒಳ್ಳೆಯದು, ಆದರೆ ಬೆಳಕು ತಾಗಿ ಒಳಗೆ ಹಸಿರು ಪಾಚಿ ಕಟ್ಟುತ್ತದೆ. ನಾನು ಹಳೆಯ ಕ್ಯಾಲೆಂಡರ್ ಹಾಳೆ ಸುತ್ತಿಡುತ್ತೇನೆ, ನೋಡಬೇಕಾದಾಗ ಬಿಚ್ಚುತ್ತೇನೆ.

ಮಣ್ಣಿಲ್ಲದೆ ಗಿಡ ಬೆಳೆಸುವ ಯೋಚನೆ ಹಳೆಯದು. 1699ರಲ್ಲಿ ಇಂಗ್ಲೆಂಡಿನ ಜಾನ್ ವುಡ್‌ವರ್ಡ್ ಪುದೀನದ ಜಾತಿಯ ಗಿಡಗಳನ್ನು ಬೇರೆ ಬೇರೆ ನೀರಿನಲ್ಲಿ ಇಟ್ಟು ತೂಗಿದ. ಶುದ್ಧ ಮಳೆನೀರಿನದ್ದಕ್ಕಿಂತ ತೋಟದ ಮಣ್ಣು ಕದಡಿದ ನೀರಿನದ್ದು ಹೆಚ್ಚು ಬೆಳೆಯಿತು. ಗಿಡಕ್ಕೆ ನೀರೊಂದೇ ಊಟವಲ್ಲ, ನೀರಲ್ಲಿ ಕರಗಿದ್ದೂ ಬೇಕು ಎಂಬುದಕ್ಕೆ ಅದು ಆಗಲೇ ಸಿಕ್ಕ ಸುಳಿವು. 1860ರ ದಶಕದಲ್ಲಿ ಜರ್ಮನಿಯ ಜೂಲಿಯಸ್ ಫಾನ್ ಸಾಕ್ಸ್, ವಿಲ್ಹೆಲ್ಮ್ ಕ್ನಾಪ್ ಯಾವ ಯಾವ ಲವಣ ಬೇಕು ಎಂದು ಪಟ್ಟಿ ಮಾಡಿದರು. ಹೈಡ್ರೋಪೋನಿಕ್ಸ್ ಎಂಬ ಮಾತನ್ನು 1937ರಲ್ಲಿ ಬಳಕೆಗೆ ತಂದವರು ಕ್ಯಾಲಿಫೋರ್ನಿಯಾದ ಗೆರಿಕೆ. ಹೈಡ್ರೋ ಎಂದರೆ ನೀರು, ಪೋನೋಸ್ ಎಂದರೆ ದುಡಿಮೆ. ನೀರೇ ದುಡಿಯುತ್ತದೆ, ನಾವು ಕೂತಿರಬಹುದು ಎಂದು ಅರ್ಥ ಮಾಡಿಕೊಂಡರೆ ಮೋಸ ಹೋಗುತ್ತೀರಿ.

ಈ ಹೆಸರೆಲ್ಲ ಹುಟ್ಟುವ ಮೊದಲೇನೋ ಎಂಬ ಹಾಗೆ ನಮ್ಮ ಮನೆಗಳಲ್ಲಿ ಮನಿ ಪ್ಲಾಂಟ್ ಬಾಟಲಿಯಲ್ಲಿ ಇತ್ತು. ಟಿ.ವಿ. ಪಕ್ಕದಲ್ಲಿ, ಬಚ್ಚಲ ಕಿಟಕಿಯಲ್ಲಿ. ಪೆಸಿಫಿಕ್ ಸಾಗರದ ಮೊರಿಯಾ ಎಂಬ ಪುಟ್ಟ ದ್ವೀಪದ ಬಳ್ಳಿ, ನಮ್ಮ ಬಚ್ಚಲಲ್ಲಿ ಹಣ ತರಲು ನಿಂತಿದೆ. ಅದು ಬರೀ ನೀರಲ್ಲಿ ಬದುಕುತ್ತದೆ, ಯಾಕೆಂದರೆ ನೀರಿಗೆ ಬಿದ್ದ ಮೇಲೆ ಬರುವ ಹೊಸ ಬೇರು ನೀರಿಗೇ ತಕ್ಕ ಹಾಗೆ ಬೆಳೆಯುತ್ತದೆ. ಸಿಂಗೋನಿಯಂ, ಅಗ್ಲೋನಿಮಾ, ಸ್ಪೈಡರ್ ಪ್ಲಾಂಟ್, ಪೀಸ್ ಲಿಲಿ, ಕೋಲಿಯಸ್, ಇವೂ ಹಾಗೇ. ಇವುಗಳಿಗೆ ಲೆಕಾ ಬೇಡ, ಬಾಟಲಿ ಸಾಕು. ವಾರಕ್ಕೊಮ್ಮೆ ನೀರು ಬದಲಿಸಿ.

ವಾರಕ್ಕೊಮ್ಮೆ ಎಂದದ್ದನ್ನು ಸ್ವಲ್ಪ ಒತ್ತಿ ಹೇಳುತ್ತೇನೆ. ಎರಡು ವರ್ಷದ ಹಿಂದೆ ನಮ್ಮ ಓಣಿಗೆ ಆಶಾ ಕಾರ್ಯಕರ್ತೆ ಲಾರ್ವಾ ನೋಡಲು ಬಂದಳು. ಪರಿಚಯದ ಹುಡುಗಿ, ನನ್ನ ವಿದ್ಯಾರ್ಥಿನಿಯೂ ಹೌದು. ಟೈರು, ತೆಂಗಿನ ಚಿಪ್ಪು ನಮ್ಮಲ್ಲಿಲ್ಲ ಎಂದು ನಾನು ಜಂಬದಿಂದ ನಿಂತಿದ್ದರೆ ಅವಳು ಜಗುಲಿಯ ಬಾಟಲಿಗೆ ಟಾರ್ಚು ಬಿಟ್ಟು "ಟೀಚರ್, ಬನ್ನಿ ಇಲ್ಲಿ" ಎಂದಳು. ಒಳಗೆ ಹುಳ ಕುಣಿಯುತ್ತಿತ್ತು. ಡೆಂಗಿಯ ಈಡಿಸ್ ಸೊಳ್ಳೆ ಮೊಟ್ಟೆಯಿಡುವುದು ಇಂಥ ತಿಳಿ ನೀರಲ್ಲೇ, ಮೊಟ್ಟೆ ಸೊಳ್ಳೆಯಾಗಲು ಏಳರಿಂದ ಹತ್ತು ದಿನ. ಏಳನೆಯ ದಿನದೊಳಗೆ ನೀರು ಚೆಲ್ಲಿ ಬಾಟಲಿಯ ಒಳಗೋಡೆ ಉಜ್ಜಿದರೆ ಸರಪಳಿ ಕಡಿಯುತ್ತದೆ. ಉಜ್ಜಲೇಬೇಕು, ಮೊಟ್ಟೆ ಗೋಡೆಗೆ ಅಂಟಿರುತ್ತದೆ. ವಿಜ್ಞಾನದ ಟೀಚರಿಗೆ ವಿದ್ಯಾರ್ಥಿನಿ ಮಾಡಿದ ಪಾಠ ಅದು.

ಆರ್ಕಿಡ್ ಮಾತ್ರ ಬಾಟಲಿಯ ಗಿಡವಲ್ಲ. ಪೂರ್ತಿ ನೀರಲ್ಲಿ ಬೇರು ಬಿಟ್ಟು ಬೆಳೆಸುವವರೂ ಇದ್ದಾರೆ, ಎರಡು ದಿನ ನೀರು ಐದು ದಿನ ಗಾಳಿ ಎಂದು ಪಾಳಿ ಹಾಕುತ್ತಾರೆ. ಪಾಳಿ ತಪ್ಪದವರಿಗೆ ಅದು ಸರಿ. ತೋಟ, ಮದುವೆ, ತಿಥಿ, ನೆಂಟರು ಎಂದು ಓಡಾಡುವ ನಮಗೆ ಲೆಕಾ ಡಬ್ಬಿಯೇ ವಾಸಿ.

ಗಿಡವನ್ನು ಇದಕ್ಕೆ ಬದಲಿಸುವ ಹೊತ್ತು ಮುಖ್ಯ. ಹಳೆಯ ಬೇರು ಹಳೆಯ ಕುಂಡಕ್ಕೆ ಒಗ್ಗಿಕೊಂಡದ್ದು, ಅದರಲ್ಲಿ ಬಹಳಷ್ಟು ಹೊಸ ಜಾಗದಲ್ಲಿ ಸಾಯುತ್ತದೆ. ಸಾಯಲಿ ಬಿಡಿ. ಬುಡದಲ್ಲಿ ಹಸಿರು ಮೊನೆಯ ಹೊಸ ಬೇರು ಅರ್ಧ ಇಂಚು ಇಣುಕಿದಾಗ ಬದಲಿಸಿದರೆ ಅದು ಗೋಲಿಗಳ ನಡುವೆಯೇ ಬೆಳೆದು ಅಲ್ಲಿನದೇ ಆಗುತ್ತದೆ. ನಮ್ಮಲ್ಲಿ ಸಾಮಾನ್ಯವಾಗಿ ಬೇಸಿಗೆಯ ಅಡ್ಡಮಳೆ ಬಿದ್ದು ರೋಹಿಣಿ ಮಳೆ ಹಿಡಿಯುವ ಮೊದಲು ಈ ಹೊಸ ಬೇರು ಬರುತ್ತದೆ. ಹೂ ಇರುವಾಗ ಮುಟ್ಟಬೇಡಿ. ಲೆಕಾವನ್ನು ಅಕ್ಕಿ ತೊಳೆದ ಹಾಗೆ ಕೆಂಪು ನೀರು ನಿಲ್ಲುವವರೆಗೆ ತೊಳೆಯಿರಿ, ಒಂದು ರಾತ್ರಿ ನೆನೆಸಿಡಿ. ಒಣ ಗೋಲಿ ಗಿಡಕ್ಕೆ ನೀರು ಕೊಡುವ ಬದಲು ಬೇರಿನ ನೀರನ್ನೇ ಎಳೆದುಕೊಳ್ಳುತ್ತದೆ. ಹಳೆಯ ಪಾಚಿ, ತೊಗಟೆಯ ಚೂರು ಒಂದೂ ಬೇರಿಗೆ ಅಂಟಿರಬಾರದು, ಕೊಳೆ ಶುರುವಾಗುವುದು ಅಲ್ಲಿಂದ. ಮೊದಲ ತಿಂಗಳು ಎಲೆ ಸ್ವಲ್ಪ ಜೋತುಬೀಳುತ್ತದೆ. ನನ್ನ ಹಾಗೆ ಗಾಬರಿಯಾಗಿ ದಿನಾ ಎಳೆದು ನೋಡಬೇಡಿ. ನೋಡಿ ನೋಡಿಯೇ ಒಂದು ಗಿಡ ಕೊಂದಿದ್ದೇನೆ.

ಲೆಕಾ ದುಬಾರಿ, ನಮ್ಮ ಪೇಟೆಯಲ್ಲಿ ಸುಲಭಕ್ಕೆ ಸಿಗುವುದೂ ಇಲ್ಲ. ಬದಲಿಗೆ ಏನು? ಇದರಲ್ಲಿ ನಾನು ಸುಮಾರು ಸಮಯ ಹಾಳು ಮಾಡಿದ್ದೇನೆ, ನಿಮ್ಮದು ಉಳಿಯಲಿ. ಚಿರೇಕಲ್ಲಿನ ಚೂರು ಬೇಡ, ನೆನೆದು ಕೆಸರಾಗುತ್ತದೆ, ಅದರ ಕಬ್ಬಿಣ ಮತ್ತು ಅಲ್ಯುಮಿನಿಯಂ ರಂಜಕವನ್ನು ಹಿಡಿದಿಟ್ಟುಕೊಳ್ಳುತ್ತದೆ. ಅಡಿಕೆ ಸಿಪ್ಪೆ ಒಂದೇ ಮಳೆಗಾಲಕ್ಕೆ ಗೊಬ್ಬರ. ತೆಂಗಿನ ಸಿಪ್ಪೆ ಆರ್ಕಿಡ್‌ಗೆ ತೂಗುಬುಟ್ಟಿಯಲ್ಲಿ ಚೆನ್ನ, ಸದಾ ನೀರಿರುವ ಡಬ್ಬಿಯಲ್ಲಿ ಕೊಳೆಯುತ್ತದೆ. ಹಿನ್ನೀರಿನಲ್ಲಿ ನೆನೆಹಾಕಿದ ನಾರಾದರೆ ಉಪ್ಪೂ ಇರುತ್ತದೆ. ಉಳಿದದ್ದು ಹಂಚು. 1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಕಾರ್ಖಾನೆ ತೆರೆದಾಗಿನಿಂದ ನಮ್ಮ ತಲೆಯ ಮೇಲಿರುವ ವಸ್ತು. ಮಾಡು ಬಿಚ್ಚಿ ಸ್ಲ್ಯಾಬು ಹಾಕಿಸುವ ಮನೆಗಳ ಹಿತ್ತಲಲ್ಲಿ ರಾಶಿ ಬಿದ್ದಿರುತ್ತದೆ. ಒಡೆದು, ಜರಡಿ ಹಿಡಿದು, ಕಡಲೆಕಾಯಿ ಗಾತ್ರದ್ದನ್ನು ಇಟ್ಟುಕೊಂಡು ಪುಡಿಯನ್ನೆಲ್ಲ ಬಿಸಾಡಿ. ಹಂಚು ನೀರು ಕುಡಿಯುತ್ತದೆ, ಏರಿಸುತ್ತದೆ, ಕೊಳೆಯುವುದಿಲ್ಲ. ಅದರ ಕೊರತೆ ಒಂದೇ, ಚೂರು ಚಪ್ಪಟೆ. ಒಂದರ ಮೇಲೊಂದು ಹಪ್ಪಳ ಒಟ್ಟಿದ ಹಾಗೆ ಕೂತರೆ ಸಂದು ಮುಚ್ಚಿ ಮತ್ತೆ ಅದೇ ಉಸಿರಿನ ಕಷ್ಟ. ನಾನು ಅರ್ಧ ಹಂಚು, ಅರ್ಧ ಇದ್ದಿಲು ಬೆರೆಸುತ್ತೇನೆ. ಅಗ್ಲೋನಿಮಾ ಇದರಲ್ಲಿ ಭರ್ಜರಿ ಬೆಳೆದಿದೆ. ಡೆಂಡ್ರೋಬಿಯಂ ಆರ್ಕಿಡ್ ಪರವಾಗಿಲ್ಲ. ಫೆಲನಾಪ್ಸಿಸ್ ಲೆಕಾದಲ್ಲಿ ಬೆಳೆದಷ್ಟು ಹಂಚಿನಲ್ಲಿ ಬೆಳೆಯಲಿಲ್ಲ, ಸುಳ್ಳು ಹೇಳುವುದಿಲ್ಲ.

ನೀರಿನ ವಿಷಯಕ್ಕೆ ನಮ್ಮ ಜಿಲ್ಲೆಯವರಷ್ಟು ಅದೃಷ್ಟ ಮಾಡಿದವರು ಕಡಿಮೆ. ಕಾರವಾರದಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ, ಆರ್ಕಿಡ್‌ಗೆ ಅದಕ್ಕಿಂತ ಒಳ್ಳೆಯ ನೀರಿಲ್ಲ. ಮಾಡಿನ ಮೊದಲ ಮಳೆಯ ನೀರು ಬಿಟ್ಟು ಆಮೇಲಿನದ್ದನ್ನು ಡ್ರಮ್ಮಿನಲ್ಲಿ ಹಿಡಿದು ಬಟ್ಟೆ ಕಟ್ಟಿಡಿ. ಆದರೆ ವುಡ್‌ವರ್ಡನ ಪುದೀನ ನೆನಪಿದೆಯಲ್ಲ, ಮಳೆನೀರಲ್ಲಿ ಊಟ ಇಲ್ಲ. ಲೆಕಾದಲ್ಲೂ ಇಲ್ಲ. ಹಾಗಾಗಿ ಊಟ ನಾವೇ ಹಾಕಬೇಕು, ಅದೂ ಬಾಣಂತಿಗೆ ಬಡಿಸಿದ ಹಾಗೆ, ಸ್ವಲ್ಪ ಸ್ವಲ್ಪವೇ.

ಸೊಸೈಟಿಯಲ್ಲಿ ಸಿಗುವ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮಪಾಲು ಇರುವ ಗೊಬ್ಬರ) ಒಂದು ಲೀಟರಿಗೆ ಅರ್ಧ ಗ್ರಾಂ ಸಾಕು. ಅದರಲ್ಲಿ ಸಾರಜನಕ 95 ಪಿ.ಪಿ.ಎಂ., ಅಂದರೆ ಹತ್ತು ಲಕ್ಷಕ್ಕೆ 95 ಭಾಗ ಆಗುತ್ತದೆ. ಅರ್ಧ ಗ್ರಾಂ ತೂಗುವ ತಕ್ಕಡಿ ಇಲ್ಲದವರು 10 ಗ್ರಾಂ ಅನ್ನು ಒಂದು ಲೀಟರಿನಲ್ಲಿ ಕರಗಿಸಿಟ್ಟು, ಆ ದ್ರಾವಣದ 50 ಮಿಲಿಲೀಟರ್‌ಗೆ ನೀರು ಸೇರಿಸಿ ಒಂದು ಲೀಟರ್ ಮಾಡಿಕೊಳ್ಳಿ. ಆದರೆ ಈ ಪೊಟ್ಟಣವನ್ನೇ ನಂಬಿ ಕೂತರೆ ಎರಡು ತೊಂದರೆ. ಅದರ 19 ಭಾಗ ಸಾರಜನಕದಲ್ಲಿ ಅರ್ಧಕ್ಕಿಂತ ಹೆಚ್ಚು ಯೂರಿಯಾ ರೂಪದ್ದು. ಮಣ್ಣಿನಲ್ಲಾದರೆ ಸೂಕ್ಷ್ಮಜೀವಿಗಳು ಅದನ್ನು ಒಡೆದು ಕೊಡುತ್ತವೆ, ತೊಳೆದ ಗೋಲಿಗಳಲ್ಲಿ ಆ ಕೆಲಸದವರು ಕಡಿಮೆ. ಎರಡನೆಯದು, ಅದರಲ್ಲಿ ಕ್ಯಾಲ್ಸಿಯಂ ಇಲ್ಲ, ಮೆಗ್ನೀಸಿಯಂ ಇಲ್ಲ. ಮಳೆನೀರಿನಲ್ಲೂ ಇಲ್ಲ. ಹೊಸ ಎಲೆಯ ತುದಿ ಕಪ್ಪಾಗಿ ಸುಟ್ಟ ಹಾಗೆ ಆದರೆ ಕ್ಯಾಲ್ಸಿಯಂ ಸಾಲದೆಂದು ಅನುಮಾನಿಸಿ. ನಾನು ಒಂದು ವಾರ 19:19:19, ಮರುವಾರ ಕ್ಯಾಲ್ಸಿಯಂ ನೈಟ್ರೇಟ್ ಅಷ್ಟೇ ಅರ್ಧ ಗ್ರಾಂ, ತಿಂಗಳಿಗೊಮ್ಮೆ ಚಿಟಿಕೆ ಎಪ್ಸಮ್ ಉಪ್ಪು (ಮೆಗ್ನೀಸಿಯಂ ಸಲ್ಫೇಟ್) ಕೊಡುತ್ತೇನೆ. ಎಲ್ಲ ಒಟ್ಟಿಗೆ ಒಂದೇ ಬಾಟಲಿಯಲ್ಲಿ ಗಟ್ಟಿಯಾಗಿ ಕಲಸಿಡಬೇಡಿ. ಹೀಗೆ ಕ್ಯಾಲ್ಸಿಯಂ ನೈಟ್ರೇಟಿನ ಲೋಟ, ಎಪ್ಸಮ್ ಉಪ್ಪಿನ ಲೋಟ ಎರಡನ್ನೂ ಬೆರೆಸುತ್ತೇನೆ, ನೋಡಿ, ಸುಣ್ಣದ ನೀರಿನ ಹಾಗೆ ಬೆಳ್ಳಗಾಯಿತು. ಕ್ಯಾಲ್ಸಿಯಂ ಗಂಧಕದ ಜೊತೆ ಕೂಡಿ ಗಟ್ಟಿಯಾಗಿ ತಳಕ್ಕೆ ಹೋಯಿತು. ಗಿಡಕ್ಕೆ ಕೊಡಬೇಕಾದದ್ದು ಲೋಟದ ತಳಕ್ಕೆ.

ತಿಂಗಳಿಗೊಮ್ಮೆ ಬರೀ ನೀರನ್ನು ಧಾರಾಳ ಸುರಿದು ಡಬ್ಬಿ ತೊಳೆಯಿರಿ. ಮೇಲಿನ ಗೋಲಿಗಳ ಮೇಲೆ ಬೆಳ್ಳನೆ ಪುಡಿ ಕಂಡರೆ ಅದು ಬೂಷ್ಟಲ್ಲ, ಆವಿಯಾದ ನೀರು ಬಿಟ್ಟುಹೋದ ಗೊಬ್ಬರದ ಉಪ್ಪು.

ಇನ್ನು ಘಟ್ಟದ ಮೇಲೆ, ಘಟ್ಟದ ಕೆಳಗೆ ಎಂಬ ಭೇದ. ಕಾರವಾರದಲ್ಲಿ ನನ್ನ ಎರಡನೆಯ ಫೆಲನಾಪ್ಸಿಸ್ ಮೂರು ವರ್ಷ ಎಲೆ ಬಿಟ್ಟಿತೇ ಹೊರತು ಒಂದು ಹೂ ಬಿಡಲಿಲ್ಲ. ನಿವೃತ್ತಿಯಾಗಿ ಶಿರಸಿಗೆ ತಂದ ವರ್ಷವೇ ಹೂವಿನ ದಂಟು ಹಾಕಿತು. ನೆರೆಯವರು ಮಾರಿಕಾಂಬೆಯ ದಯೆ ಎಂದರು, ನಾನು ಬೇಡ ಎನ್ನಲಿಲ್ಲ. ಆದರೆ ಕಾರಣ ಚಳಿ. ಇದು ಹೂದಂಟು ಹಾಕಬೇಕಾದರೆ ಕೆಲವು ವಾರ 25 ಡಿಗ್ರಿಗಿಂತ ತಂಪು ಬೇಕು, 28ರ ಮೇಲೆ ಸತತ ಸೆಕೆ ಇದ್ದರೆ ಮೊಗ್ಗಿನ ಕಣ್ಣು ತೆರೆಯುವುದೇ ಇಲ್ಲ. ಕರಾವಳಿಯವರು ಡಿಸೆಂಬರ್, ಜನವರಿಯ ರಾತ್ರಿಗಳನ್ನು ಹಾಳು ಮಾಡದೆ ಗಿಡವನ್ನು ಹೊರಗೆ, ಗಾಳಿಯಾಡುವಲ್ಲಿ ಇಡಿ. ಇಲ್ಲವಾದರೆ ಫೆಲನಾಪ್ಸಿಸ್ ಆಸೆ ಬಿಟ್ಟು ಡೆಂಡ್ರೋಬಿಯಂ ಹಿಡಿಯಿರಿ, ಅದು ಸೆಕೆಯ ಮಗು. ನಮ್ಮ ಕಡೆ ಉಲ್ಟಾ. ಹಸಿ ಗೋಲಿ ಮಣ್ಣಿನ ಕೊಡದ ಹಾಗೆ ಆವಿಯಾಗುತ್ತ ತಣ್ಣಗಾಗುತ್ತದೆ, ಬೇಸಿಗೆಯಲ್ಲಿ ಅದು ವರ. ಧನುರ್ಮಾಸದ ರಾತ್ರಿ ಹೊರಗೆ ಇಟ್ಟರೆ ಬೇರು ಜಡ್ಡುಗಟ್ಟುತ್ತದೆ, ಆಗ ಸಂಜೆ ನೀರು ಹಾಕದೆ ಒಳಗಿಡಿ.

ಕಾಡಿನ ಆರ್ಕಿಡ್ ಬಗ್ಗೆ ಎರಡು ಮಾತು. ಸೀತಾಳೆ ದಂಡೆ ನಮ್ಮ ಹಲಸು, ಮಾವಿನ ಮರಗಳಲ್ಲಿ ಮೇ ಕೊನೆಗೆ ನರಿಬಾಲದ ಹಾಗೆ ಇಳಿಯುತ್ತದೆ. ಅಸ್ಸಾಮಿನವರು ಅದನ್ನೇ ರಾಜ್ಯದ ಹೂ ಮಾಡಿಕೊಂಡಿದ್ದಾರೆ. ಅದನ್ನು ಕಿತ್ತು ಈ ಡಬ್ಬಿಗೆ ತರಬೇಡಿ. ಅದಕ್ಕೆ ಜನವರಿಯಿಂದ ಮಳೆವರೆಗೆ ಒಣಗಿರುವ ಕಾಲ ಬೇಕು, ಡಬ್ಬಿಯಲ್ಲಿ ಅದು ಸಾಯುತ್ತದೆ. ಮಾರಾಟದ ಮಾತಂತೂ ಬೇಡವೇ ಬೇಡ, ಆರ್ಕಿಡ್ ಕುಟುಂಬ ಇಡಿಯಾಗಿ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಸೈಟ್ಸ್ ಪಟ್ಟಿಯಲ್ಲಿದೆ. ಆರ್ಕಿಡ್ ಬೀಜ ಧೂಳಿನಷ್ಟು ಸಣ್ಣ, ಒಳಗೆ ಬುತ್ತಿ ಇಲ್ಲ, ಕಾಡಿನಲ್ಲಿ ಒಂದು ಶಿಲೀಂಧ್ರ ಊಟ ಕೊಟ್ಟರೆ ಮಾತ್ರ ಮೊಳೆಯುತ್ತದೆ. 1922ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಲೂಯಿಸ್ ನುಡ್‌ಸನ್ ಸಕ್ಕರೆ ಬೆರೆಸಿದ ಅಗರ್ ಮೇಲೆ ಶಿಲೀಂಧ್ರದ ಹಂಗಿಲ್ಲದೆ ಮೊಳೆಯಿಸಿದ. ಇವತ್ತು ನರ್ಸರಿಯಲ್ಲಿ ನಮ್ಮ ಕೈಗೆಟಕುವ ಬೆಲೆಗೆ ಗಿಡ ಸಿಗುವುದು ಅಂಥ ಪ್ರಯೋಗಶಾಲೆಗಳಿಂದ. ಮರ ಹತ್ತುವ ಅಗತ್ಯ ಏನಿದೆ?

ಇಷ್ಟು ಹೇಳಿ ಮುಗಿಸಿದೆ. ಚಾ, ಅವಲಕ್ಕಿ ಆದ ಮೇಲೆ ಪ್ರಶ್ನೆಗಳು ಬಂದವು.

ಕುಮಟೆಯಿಂದ ಬಂದ ಒಬ್ಬರು ತಮ್ಮ ಬಾವಿನೀರು ಏಪ್ರಿಲ್ ಹೊತ್ತಿಗೆ ಸಪ್ಪೆಯಿರುವುದಿಲ್ಲ, ಚೂರು ಉಪ್ಪಾಗುತ್ತದೆ, ನಡೆಯುತ್ತದೆಯೇ ಎಂದು ಕೇಳಿದರು. ನಡೆಯುವುದಿಲ್ಲ. ನಿಮ್ಮ ಅಘನಾಶಿನಿಯ ಗಜನಿಯಲ್ಲಿ ಉಪ್ಪುನೀರಲ್ಲೂ ತೆನೆ ಬಿಡುವ ಕಗ್ಗ ಭತ್ತ ಇದೆ, ನಿಜ. ಆರ್ಕಿಡ್ ಕಗ್ಗ ಅಲ್ಲ, ಉಪ್ಪು ತಾಗಿದರೆ ಮೊದಲು ಸುಡುವುದು ಬೇರಿನ ಹಸಿರು ತುದಿ. ನೀರಲ್ಲಿ ಕರಗಿದ ಲವಣ ಅಳೆಯುವ ಟಿ.ಡಿ.ಎಸ್. ಮೀಟರು ಒಂದು ಕೊಂಡುಕೊಳ್ಳಿ. ಬಾವಿನೀರು 200 ದಾಟಿದರೆ ನಾನಾದರೆ ಹಾಕುವುದಿಲ್ಲ. ಡ್ರಮ್ಮಿನ ಮಳೆನೀರನ್ನು ಏಪ್ರಿಲ್, ಮೇಗೆ ಉಳಿಸಿಕೊಳ್ಳಿ, ಎರಡು ಮೂರು ಗಿಡಕ್ಕೆ ಎಷ್ಟು ಬೇಕು?

ಅಡಿಕೆ ತೋಟದ ಒಬ್ಬ ತಮ್ಮ, ಮಳೆಗಾಲದಲ್ಲಿ ಆರ್ಕಿಡ್ ಎಲೆಯ ಬುಡ ಕಪ್ಪಾಗಿ ಉದುರುತ್ತದೆ, ಅಡಿಕೆ ಗೊನೆಗೆ ಹೊಡೆಯುವ ಮೈಲುತುತ್ತ, ಸುಣ್ಣದ ದ್ರಾವಣವನ್ನೇ ಒಂಚೂರು ಹೊಡೆಯಲೇ ಎಂದ. ಅವನ ಊಹೆ ತಪ್ಪಲ್ಲ. ಅಡಿಕೆಯ ಕೊಳೆ ತರುವುದೂ ಆರ್ಕಿಡ್‌ನ ಈ ಕಪ್ಪುಕೊಳೆ ತರುವುದೂ ಫೈಟಾಫ್ತರಾ ಎಂಬ ಒಂದೇ ಮನೆತನದ ರೋಗಾಣು. ಆದರೆ ಮೈಲುತುತ್ತದ ತಾಮ್ರ ಡೆಂಡ್ರೋಬಿಯಂಗೆ ಆಗಿಬರುವುದಿಲ್ಲ, ಎಲೆ ಸುಡುತ್ತದೆ. ಕಪ್ಪಾದ ಭಾಗವನ್ನು ಕಾಸಿದ ಬ್ಲೇಡಿನಿಂದ ಹಸಿರು ಸಿಗುವವರೆಗೆ ಕತ್ತರಿಸಿ, ಗಾಯಕ್ಕೆ ದಾಲ್ಚಿನ್ನಿ ಪುಡಿ ಹಚ್ಚು, ಬೇರಿಗೆ ಮಾತ್ರ ತಾಗಿಸಬೇಡ. ಎಲೆಯ ಸುಳಿಯಲ್ಲಿ ನೀರು ನಿಲ್ಲದ ಹಾಗೆ ಮಾಡಿನಡಿ ಇಡು. ಮಳೆ ತಾಗದ ಹಾಗೆ ಅಡಿಕೆ ಗೊನೆಗೆ ಕೊಟ್ಟೆ ಕಟ್ಟುವ ಉಪಾಯವೇ ಇದು, ಗಿಡ ಸಣ್ಣದು, ಅಷ್ಟೇ.

ಕೊನೆಯ ಪ್ರಶ್ನೆ ಹಿಂದಿನ ಸಾಲಿನ ಅಜ್ಜ ಒಬ್ಬರದ್ದು. ಇಡೀ ಹೊತ್ತು ಕಣ್ಣು ಮುಚ್ಚಿ ಕೂತಿದ್ದರು, ನಿದ್ದೆ ಎಂದುಕೊಂಡಿದ್ದೆ. "ಅಲ್ಲ ತಂಗಿ, ಆರ್ಕಿಡ್ ಇರಲಿ. ಆ ಮರಕೆಸುವನ್ನು ಈ ಡಬ್ಬಿಯಲ್ಲಿ ಬೆಳೆಸಿದರೆ ವರ್ಷವಿಡೀ ಪತ್ರೊಡೆ ತಿನ್ನಬಹುದಲ್ಲ?"

ಸಭೆ ನಕ್ಕಿತು. ನಾನು ನಗಲಿಲ್ಲ, ಯಾಕೆಂದರೆ ಅದನ್ನು ಮಾಡಿ ನೋಡಿದ್ದೇನೆ. ಮಳೆ ಮುಗಿದ ಮೇಲೆ ಮರಕೆಸು ಎಲೆ ಕಳಚಿ ಗೆಡ್ಡೆಯಾಗಿ ಮಲಗುತ್ತದೆ, ಆಗ ನೀರು ತಾಗಿದರೆ ಕೊಳೆಯುತ್ತದೆ. ಹಾಗಾಗಿ ವರ್ಷವಿಡೀ ಎಂಬುದು ಆಗದ ಮಾತು. ಮಳೆಗಾಲಕ್ಕಾದರೂ ಆದೀತು ಎಂದು ಈ ಸಲ ರೋಹಿಣಿ ಮಳೆಗೆ ಹಂಚಿನ ಚೂರಿನಲ್ಲಿ ಎರಡು ಗೆಡ್ಡೆ ಇಟ್ಟೆ. ಒಂದು ಕೊಳೆಯಿತು. ಇನ್ನೊಂದರಲ್ಲಿ ಇವತ್ತಿಗೆ ಮೂರು ಎಲೆ ಇದೆ, ದೊಡ್ಡದೆಂದರೆ ನನ್ನ ಅಂಗೈಯಷ್ಟು. ಪತ್ರೊಡೆಗೆ ಎಷ್ಟು ಎಲೆ ಬೇಕು ಎಂದು ಅಜ್ಜನಿಗೆ ನಾನು ಹೇಳಬೇಕಾಗಿರಲಿಲ್ಲ.